ನೀರು ನಿಂತ ಹೊತ್ತು

ಕೆಂಡದ ಮೇಲೆ ಒಣಗಿದ ಲ್ಯಾವೆಂಡರ್ ಹೂವು ಉದುರಿಸಿದಾಗ ಏಳುವ ವಾಸನೆ, ಎನ್ರಿಕೆತಾಳ ಬಾಲ್ಯದಲ್ಲಿ, ಯಾವಾಗಲೂ ಇನ್ನೊಂದು ವಾಸನೆಯನ್ನು ಮುಚ್ಚುವುದಕ್ಕೇ ಬರುತ್ತಿತ್ತು. ಚಳಿಗಾಲವಿಡೀ ಮನೆಯವರೆಲ್ಲ ಸುತ್ತ ಕೂರುತ್ತಿದ್ದ ದುಂಡುಮೇಜು, ಅದರ ಕೆಳಗೆ ಅಗ್ಗಿಷ್ಟಿಕೆ, ಮೇಜಿನಿಂದ ನೆಲದವರೆಗೆ ಇಳಿಬಿಟ್ಟ ದಪ್ಪ ಬಟ್ಟೆ, ಆ ಬಟ್ಟೆಯೊಳಗೆ ಎಲ್ಲರ ಕಾಲು. ತಾತ ಹಾಸಿಗೆ ಹಿಡಿದಾಗ, ಅಪ್ಪ ಹೆಂಡದಂಗಡಿಯಿಂದ ನೇರವಾಗಿ ಬಂದು ಬಾಗಿಲಲ್ಲೇ ವಾಂತಿ ಮಾಡಿಕೊಂಡಾಗ, ತೊಟ್ಟಿಲ ಕೂಸು ಅತ್ತೂ ಅತ್ತೂ ಒಂದು ಬೆಳಿಗ್ಗೆ ಸುಮ್ಮನಾದಾಗ, ಅಮ್ಮ ಬಟ್ಟೆಯ ಅಂಚು ಎತ್ತಿ ಒಂದು ಹಿಡಿ ಹೂವನ್ನು ಕೆಂಡಕ್ಕೆ ಸುರಿಯುತ್ತಿದ್ದಳು. ನೆರೆಮನೆಯ ಹೆಂಗಸರು ಬಂದು, ‘ಎಷ್ಟು ಘಮ್ ಅನ್ನುತ್ತೆ ನಿಮ್ಮನೆ’ ಎನ್ನುತ್ತಿದ್ದರು. ಘಮ್ ಎನ್ನುವ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ಎನ್ರಿಕೆತಾ ಓದು ಬರಹ ಕಲಿಯುವುದಕ್ಕೆ ಮೊದಲೇ ಕಲಿತಿದ್ದಳು. ಈಗ, ಅಲ್ಹಂಬ್ರ ಅರಮನೆಯ ಗುಡ್ಡ ಹತ್ತುತ್ತಿದ್ದ ಪುಟ್ಟ ಕೆಂಪು ಬಸ್ಸಿನಲ್ಲಿ, ಅದೇ ವಾಸನೆ ಪಕ್ಕದಲ್ಲಿ ಕೂತ ಗಂಡನ ಕುತ್ತಿಗೆಯಿಂದ ಬರುತ್ತಿತ್ತು. ಬೆಳಗಿನ ಜಾವ ಅವನು ಹಾಸಿಗೆ ಒದ್ದೆ ಮಾಡಿಕೊಂಡಿದ್ದ. ಮೈ ತೊಳೆಸಿ, ಬಟ್ಟೆ ಬದಲಿಸಿ, ಹೊರಡುವ ಹೊತ್ತಿಗೆ ಮತ್ತೊಮ್ಮೆ ಬದಲಿಸಿ, ಕೊನೆಗೆ ಸೀಸೆಯಲ್ಲಿದ್ದ ಲ್ಯಾವೆಂಡರ್ ನೀರನ್ನೆಲ್ಲ ಅವನ ಕೊರಳಿಗೆ, ಕೋಟಿಗೆ, ಕೈಗೆ ಸವರಿದ್ದಳು. ಸವರುವಾಗ ತನ್ನ ಕೈ ಅಮ್ಮನ ಕೈಯ ಹಾಗೆ ಕಂಡಿತ್ತು.

ಎದುರು ಸೀಟಿನ ದಪ್ಪ ಹೆಂಗಸು, ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡವಳು, ಮೂಗರಳಿಸಿ ನಕ್ಕಳು. “ಏನು ಯಜಮಾನ್ರೇ, ಇಷ್ಟು ಘಮಘಮ ಅಂತ ಹೊರಟಿದ್ದೀರಿ, ಮದುವೆಗಾ?”

“ಕೆಲಸಕ್ಕೆ,” ಎಂದ ಬಾಸಿಲಿಯೋ.

“ಈ ವಯಸ್ಸಲ್ಲೂ ಕೆಲಸಾನಾ? ಯಾರಪ್ಪ ಅಂಥ ಕಲ್ಲುಮನಸ್ಸಿನ ದಣಿ?”

“ಸುಲ್ತಾನ.”

ಬಸ್ಸಿನ ಹಿಂದಿನ ಸೀಟಿನವರೆಗೂ ನಗು ಹೋಯಿತು. “ಸಂಬಳ ಸರಿಯಾಗಿ ಕೊಡ್ತಾನೇನು?” ಎಂದಳು ಹೆಂಗಸು. “ಸತ್ತು ಬಹಳ ವರ್ಷ ಆಯ್ತು,” ಎಂದು ಬಾಸಿಲಿಯೋ ಗಂಭೀರವಾಗಿ ಹೇಳಿದ, “ಆದ್ರೂ ನೀರು ಬಿಡ್ಬೇಕಲ್ಲ.” ಎನ್ರಿಕೆತಾಳೂ ನಕ್ಕಳು. ನಕ್ಕ ಮೇಲೆ ಅವಳಿಗೆ ನಾಚಿಕೆಯಾಯಿತು. ಇಷ್ಟು ಚೆನ್ನಾಗಿ ಮಾತಾಡುವವನನ್ನು ಇವತ್ತು ನಾಲ್ಕು ಗಂಟೆಗೆ ತಾನು ಎಲ್ಲಿ ಬಿಟ್ಟು ಬರಲಿದ್ದೇನೆ ಎಂಬುದು ಈ ಸೊಪ್ಪಿನ ಹೆಂಗಸಿಗೆ ಗೊತ್ತಾದರೆ ಇವಳು ತನ್ನ ಕಡೆ ಹೇಗೆ ನೋಡಬಹುದು ಎನಿಸಿತು. ಎಲ್ಲ ಸಮಯದಲ್ಲೂ ಹೀಗಿರುವುದಿಲ್ಲ ಎಂದು ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಬೇಕೆನಿಸಿತು. ಮೊನ್ನೆ ಅಡುಗೆಮನೆಯಲ್ಲಿ ಅವನು ಅವಳನ್ನೇ ಕಳ್ಳಿ ಎಂದುಕೊಂಡು ನೂಕಿದ್ದ. ಬಲಗೈ ಮಣಿಕಟ್ಟಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಎಷ್ಟೋ ಸಲ ಬೆಳಕು ಹರಿಯುವ ಮುಂಚೆ ಸಲಿಕೆ ಹೊತ್ತು ಹೊರಟು, ಹೆದ್ದಾರಿಯ ಅಂಚಿನಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದ. ಇದನ್ನೆಲ್ಲ ಅವಳು ಬಯಲಿನಲ್ಲಿರುವ ವೃದ್ಧಾಶ್ರಮದ ಮೇಲ್ವಿಚಾರಕಿಗೆ ಹೇಳಿದ್ದಳು, ಒಂದು ಆಪಾದನೆಯಂತೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ. ಆಕೆ ತಲೆದೂಗಿ, ‘ನೀವು ಮಾಡ್ತಿರೋದು ಸರಿಯಾಗೇ ಇದೆ ಟೀಚರ್’ ಎಂದಿದ್ದಳು. ಸರಿ ಎಂದು ಯಾರಾದರೂ ಹೇಳಿದಾಗಲೆಲ್ಲ ಎನ್ರಿಕೆತಾಳಿಗೆ ಸರಿಯಲ್ಲ ಎನಿಸುತ್ತಿತ್ತು.

ಅವನಿಗೆ ಹೇಳಿರಲಿಲ್ಲ. ಅದೊಂದೇ ಅವಳನ್ನು ಚುಚ್ಚುತ್ತಿತ್ತು. ಬಿಡುವುದಲ್ಲ, ಹೇಳದೆ ಬಿಡುವುದು. ಮಗಳು ನೀವೆಸ್ ಎಲ್ಲ ಯೋಚಿಸಿಟ್ಟಿದ್ದಳು. ‘ಅಪ್ಪಂಗೆ ಏನೂ ಹೇಳ್ಬೇಡಮ್ಮ. ಕಣ್ಣು ತೋರ್ಸೋಕೆ ಹೋಗ್ತಿದೀವಿ ಅನ್ನು. ಒಳಗೆ ಕೂರ್ಸಿ, ಚೀಟಿ ತರ್ತೀನಿ ಇರು ಅಂತ ಎದ್ದು ಬಂದ್ಬಿಡು. ಎಲ್ರೂ ಹೀಗೇ ಮಾಡೋದಂತೆ. ಮರುದಿನಕ್ಕೆ ಅವರಿಗೆ ನೆನಪೂ ಇರಲ್ವಂತೆ.’ ಅವನ ಪೆಟ್ಟಿಗೆ ಆಗಲೇ ನೀವೆಸ್‌ಳ ಕಾರಿನ ಡಿಕ್ಕಿಯಲ್ಲಿತ್ತು. ಎನ್ರಿಕೆತಾ ಅಂಗಿಗಳನ್ನು ಮಡಿಸಿ ಇಡುವಾಗ ಬಾಸಿಲಿಯೋ ಬಾಗಿಲಲ್ಲಿ ನಿಂತು, ‘ಯಾರು ಊರಿಗೆ ಹೋಗ್ತಿರೋದು?’ ಎಂದು ಕೇಳಿದ್ದ. ‘ನೀವೆಸ್,’ ಎಂದಿದ್ದಳು. ‘ಅವಳಿಗೆ ನನ್ನ ಅಂಗಿ ಯಾಕೆ?’ ಎಂದಿದ್ದ. ಅದಕ್ಕೆ ಅವಳು, ನಾಳೆ ಬೆಳಿಗ್ಗೆ ಅರಮನೆಗೆ ಹೋಗೋಣವಾ, ತೋಟಕ್ಕೆ, ಎಂದು ಕೇಳಿದ್ದಳು. ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ಮೊದಲು ಮಿಠಾಯಿ ಕೊಡುವ ಹಾಗೆ.

ಅರಮನೆಯ ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಿದ್ದ ಕಾವಲಿನ ಹುಡುಗ ಬಾಸಿಲಿಯೋನ ಮುಖ ನೋಡಿ, ಮತ್ತೆ ಚೀಟಿಯ ಪಟ ನೋಡಿ, ಕಿವುಡರೊಂದಿಗೆ ಮಾತಾಡುವಂತೆ, “ಅಜ್ಜಾ, ಟೋಪಿ ತೆಗೀರಿ, ಟೋಪಿ,” ಎಂದು ಕೂಗಿದ. ಬಾಸಿಲಿಯೋ ಚರ್ಚಿನೊಳಗೆ ಹೋಗುವವನಂತೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಹಾಕಿಕೊಳ್ಳಲೇ ಇಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅವನು ಈ ಗುಡ್ಡದ ನೀರುಗಂಟಿಯಾಗಿದ್ದವನು. ಮೇಲಿನ ನದಿಯಿಂದ ಕಾಲುವೆಯಲ್ಲಿ ಬರುವ ನೀರನ್ನು ಯಾವ ತೋಟಕ್ಕೆ ಎಷ್ಟು, ಯಾವ ಕೊಳಕ್ಕೆ ಯಾವಾಗ ಎಂದು ತೂಬು ಎತ್ತಿ ಇಳಿಸಿ ಬಿಡುತ್ತಿದ್ದವನು. ಆಗ ಇಲ್ಲಿ ಬಾಗಿಲುಗಳಿದ್ದುವೇ ಹೊರತು ಬಾಗಿಲಲ್ಲಿ ಕೇಳುವವರು ಇರಲಿಲ್ಲ. ಇದನ್ನು ಹುಡುಗನಿಗೆ ಹೇಳಬೇಕೆಂದು ಎನ್ರಿಕೆತಾಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹುಡುಗ ಸಲಾಮು ಹೊಡೆದಾನು, ಪಟ ತೆಗೆಸಿಕೊಂಡಾನು, ಆಮೇಲೆ ನಾಲ್ಕು ಗಂಟೆಗೆ ತಾನು ಮಾಡಲಿರುವುದು ಇನ್ನಷ್ಟು ಭಾರವಾದೀತು. ಸುಮ್ಮನೆ ಟೋಪಿಯನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು.

ಮೊದಲ ಅಂಗಳದಲ್ಲಿ ಕೊಳ ಕನ್ನಡಿಯ ಹಾಗೆ ಮಲಗಿತ್ತು. ಗೋಪುರ ತಲೆಕೆಳಗಾಗಿ ಅದರೊಳಗಿತ್ತು, ಕೊಳದ ಎರಡೂ ಬದಿಯ, ಎಲೆ ಘಮಿಸುವ ಅರ್ರಯಾನ್ ಪೊದೆಗಳ ಹಸಿರು ಗೋಡೆಯೂ ತಲೆಕೆಳಗಾಗಿತ್ತು, ಆಕಾಶ ಪಾದದ ಹತ್ತಿರವಿತ್ತು. ಜನ ಗೋಡೆಯ ಮೇಲಿನ ಸುಣ್ಣದ ಕೆತ್ತನೆಗೆ ಕತ್ತೆತ್ತಿ ನಿಂತಿದ್ದರು. ಹಿಂದೆ ಇಲ್ಲಿ ಆಳಿದ ಮೂರ್ ಸುಲ್ತಾನರ ಕುಶಲಿಗಳು ಗಾರೆಯನ್ನು ಕಸೂತಿಯ ಬಟ್ಟೆ ಮಾಡಿಟ್ಟಿದ್ದರು. ಬಿಸಿಲು ಅದರ ತೂತುಗಳೊಳಗಿಂದ ಇಳಿದು ಯಾರದೋ ಕೆನ್ನೆಯ ಮೇಲೆ, ಯಾರದೋ ತೋಳಿನ ಮೇಲೆ ಹೂಬಿಡುತ್ತಿತ್ತು. ಬಾಸಿಲಿಯೋ ಅದನ್ನೇನೂ ನೋಡಲಿಲ್ಲ. ಕೊಳದ ತುದಿಯಲ್ಲಿ, ಅಮೃತಶಿಲೆಯ ತಟ್ಟೆಯಿಂದ ನೀರು ಜಾರಿ ಒಳಗಿಳಿಯುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ನೀರು ಇಳಿಯುತ್ತಿದೆ ಎಂದು ನಂಬಬೇಕಿತ್ತು, ಒಂದು ಅಲೆಯೂ ಇರಲಿಲ್ಲ.

“ಇಲ್ಲಿ ಸದ್ದು ಮಾಡ್ಕೂಡದು,” ಎಂದ.

“ಯಾರು?”

“ನೀರು. ದೊರೆ ಒಳಗೆ ಯೋಚನೆ ಮಾಡ್ತಿರ್ತಾನೆ.”

ಅವಳು ಅವನ ಪಕ್ಕದಲ್ಲಿ ನಿಂತು, ಕೊಳದೊಳಗಿನ ತನ್ನ ಮುಖ ನೋಡಿದಳು. ಏನು ಯೋಚನೆ ಮಾಡುತ್ತಿದ್ದಾನು ಆ ದೊರೆ. ಅವನಿಗೂ ಯಾರನ್ನೋ ಎಲ್ಲಿಗೋ ಕಳಿಸಬೇಕಾಗಿತ್ತೇನೋ. ಈಗ ಹೇಳಿಬಿಡಲೇ, ಇಲ್ಲೇ, ಸದ್ದು ಮಾಡಬಾರದ ಈ ಜಾಗದಲ್ಲಿ. ಬಾಯಿ ತೆರೆದಳು. ಹಿಂದಿನಿಂದ ಒಂದು ದೊಡ್ಡ ಗುಂಪು ಬಂದು ಅವರಿಬ್ಬರನ್ನೂ ಸುತ್ತಿಕೊಂಡು, ಹೊಳೆ ಬಂಡೆಯನ್ನು ಬಳಸುವಂತೆ ಬಳಸಿ ಮುಂದೆ ಹೋಯಿತು. ಗುಂಪು ಹೋಗುವ ಹೊತ್ತಿಗೆ ಧೈರ್ಯವೂ ಹೋಗಿತ್ತು. ಬಾಸಿಲಿಯೋ ಅರ್ರಯಾನ್ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಉಜ್ಜಿ, ಮೂಸಿ, ಅವಳ ಮೂಗಿನ ಹತ್ತಿರ ಹಿಡಿದ. ಅವಳಿಗೆ ಲ್ಯಾವೆಂಡರ್ ಬಿಟ್ಟು ಬೇರೆ ಏನೂ ತಿಳಿಯಲಿಲ್ಲ.

ತೋಟಕ್ಕೆ ಹೋಗುವ ದಾರಿಯಲ್ಲಿ ಸೈಪ್ರೆಸ್ ಮರಗಳು ಎರಡೂ ಕಡೆ ಗೋಡೆ ಕಟ್ಟಿದ್ದುವು. ಅವನು ನಿಧಾನವಾಗಿ, ಆದರೆ ಎಡವದೆ ನಡೆದ. ಮನೆಯಲ್ಲಿ ಹೊಸ್ತಿಲು ಎಡವುವವನು ಇಲ್ಲಿ ಒಂದು ಕಲ್ಲನ್ನೂ ಎಡವಲಿಲ್ಲ. ಎದುರಿನ ಇಳಿಜಾರಿನಲ್ಲಿ ಬಾದಾಮಿ ಮರಗಳು ಹೂಬಿಟ್ಟಿದ್ದುವು, ಎಲೆಯಿಲ್ಲದ ಕಪ್ಪು ಕೊಂಬೆಗಳ ಮೇಲೆ ಬೆಳ್ಳಗೆ, ಹತ್ತಿ ಅಂಟಿದ ಹಾಗೆ. ಅವುಗಳ ಹಿಂದೆ ದೂರದ ಬೆಟ್ಟದಲ್ಲಿ ಹಿಮ. ಯಾವುದು ಹೂವು ಯಾವುದು ಹಿಮ ಎಂದು ಅವಳ ಕನ್ನಡಕಕ್ಕೆ ತಿಳಿಯುತ್ತಿರಲಿಲ್ಲ. ಬಾಸಿಲಿಯೋ ನಿಂತು ಬಹಳ ಹೊತ್ತು ಆ ಕಡೆ ನೋಡಿದ. ಅವನ ಮುಖದಲ್ಲಿ ಏನೋ ಬಿಗಿಯಾಯಿತು, ಹೊತ್ತಾಗಿಹೋದದ್ದು ತಟ್ಟನೆ ತಿಳಿದವನಂತೆ. ಅವಳು ಅದನ್ನು ನೋಡಿದಳು. ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಬಾದಾಮಿ ಹೂಬಿಟ್ಟ ವಾರವೇ ಕಾಲುವೆಯ ಹೂಳೆತ್ತುವ ವಾರ ಎಂಬುದು, ಅವನೊಂದಿಗೆ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಳೆದ ಅವಳಿಗೆ ಆ ಕ್ಷಣ ಹೊಳೆಯಲಿಲ್ಲ. ಅವಳು ನಾಲ್ಕು ಗಂಟೆಯ ಬಗ್ಗೆ ಯೋಚಿಸುತ್ತಿದ್ದಳು.

ಅವಳು ಹೊಸದಾಗಿ ಟೀಚರಾಗಿದ್ದಾಗ ಅವನು ಅವಳನ್ನು ಮೊದಲ ಸಲ ಕರೆತಂದದ್ದೂ ಬಾದಾಮಿ ಹೂಬಿಟ್ಟಾಗಲೇ. ಅವನ ಪ್ಯಾಂಟು ಮೊಣಕಾಲವರೆಗೂ ಕೆಸರು, ಅವಳ ಕಾಲಲ್ಲಿ ಸಾಲಮಾಡಿ ಕೊಂಡ ಬಿಳಿ ಬೂಟು. ಮೇಲಿನ ತೂಬು ಮುಚ್ಚಿದ್ದರು. ಗುಡ್ಡದ ನೀರೆಲ್ಲ ನಿಂತಿತ್ತು. ‘ಕೇಳು,’ ಎಂದಿದ್ದ. ಅವಳು ಉಸಿರು ಹಿಡಿದು ಕೇಳಿದಳು. ‘ಏನೂ ಕೇಳಿಸ್ತಿಲ್ಲ,’ ಎಂದಳು. ‘ಅದೇ,’ ಎಂದ. ‘ವರ್ಷಕ್ಕೊಂದು ಸಲ ಮಾತ್ರ ಕೇಳಿಸೋದು.’ ಎಂಥ ವಿಚಿತ್ರ ಮನುಷ್ಯ, ಇಲ್ಲದ್ದನ್ನು ಕೇಳು ಎನ್ನುತ್ತಾನೆ ಎಂದುಕೊಂಡಿದ್ದಳು. ಬೇರೆ ಗಂಡಸರು ಚಿನ್ನದ ಓಲೆ ತೋರಿಸುವ ವಯಸ್ಸಿನಲ್ಲಿ ಅವನು ಅವಳಿಗೆ ಕೊಟ್ಟದ್ದು ಅದು. ಬೂಟು ಮಾತ್ರ ಕೆಟ್ಟುಹೋಯಿತು.

ಉದ್ದ ಕಾಲುವೆಯ ಅಂಗಳದಲ್ಲಿ ಎರಡೂ ಬದಿಯಿಂದ ನೀರಿನ ಎಳೆಗಳು ಎದ್ದು, ನಡುವೆ ಬಾಗಿ, ಒಂದನ್ನೊಂದು ದಾಟಿ ಬೀಳುತ್ತಿದ್ದುವು. ಅವರು ಗೋಡೆಗೊರಗಿದ ಕಲ್ಲಿನ ಬೆಂಚಿನ ಮೇಲೆ ಕೂತರು. ನೀರಿನ ಸದ್ದು ಎಷ್ಟು ಒಂದೇ ಸಮನಿತ್ತೆಂದರೆ ಸ್ವಲ್ಪ ಹೊತ್ತಿನ ಮೇಲೆ ಅದು ಹೊರಗೆ ಕೇಳುತ್ತಿದೆಯೋ ತನ್ನ ತಲೆಯೊಳಗೋ ತಿಳಿಯದಾಯಿತು. ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ರಾತ್ರಿಗಳ ಬಾಕಿ ನಿದ್ದೆಯೆಲ್ಲ ರೆಪ್ಪೆಯ ಮೇಲೆ ಕೂತಿತ್ತು. ಅರೆಗನಸಿನಲ್ಲಿ ಅಮ್ಮ ಮೇಜಿನ ಬಟ್ಟೆ ಎತ್ತುತ್ತಿದ್ದಳು, ಅದರೊಳಗೆ ಕೆಂಡವಿರಲಿಲ್ಲ, ಕೊಳವಿತ್ತು, ಕೊಳದೊಳಗೆ ಬಾಸಿಲಿಯೋನ ಪೆಟ್ಟಿಗೆ ಮೆಲ್ಲಗೆ ಮುಳುಗುತ್ತಿತ್ತು. ಮೊಬೈಲು ಹೊಡೆದುಕೊಂಡಿತು. ನೀವೆಸ್. ಅವನಿಗೆ ಕೇಳಿಸಬಾರದೆಂದು ಅವಳು ಎದ್ದು ಕಮಾನಿನಾಚೆ ಹೋದಳು.

“ಎಲ್ಲಿದೀರಮ್ಮ? ಮೂರೂವರೆಗೇ ಕೆಳಗೆ ಗೇಟಿಗೆ ಬಂದ್ಬಿಡಿ. ಅಪ್ಪ ಹೇಗಿದಾನೆ?”

“ಚೆನ್ನಾಗಿದಾನೆ. ಅದೇ ಕಷ್ಟ.”

“ಅಮ್ಮಾ, ಮತ್ತೆ ಶುರು ಮಾಡ್ಬೇಡ. ಹೇಳಿಲ್ಲ ತಾನೆ?”

“ಇಲ್ಲ.”

“ಕಣ್ಣು ತೋರ್ಸೋಕೆ. ನೆನಪಿದೆಯಲ್ಲ? ನೀನು ಸುಳ್ಳು ಹೇಳುವಾಗ ಮೂಗು ಮುಟ್ಕೋತೀಯ, ಹಾಗೆ ಮುಟ್ಕೋಬೇಡ.”

“ನಿಂಗೆ ಹೇಗೆ ಗೊತ್ತು?”

“ನಂಗೆ ಎಷ್ಟು ಸುಳ್ಳು ಹೇಳಿಲ್ಲ ನೀನು,” ಎಂದಳು ನೀವೆಸ್. ಆಮೇಲೆ ಅವಳ ದನಿ ಇಳಿಯಿತು. “ನಂಗೂ ರಾತ್ರಿಯೆಲ್ಲ ನಿದ್ದೆ ಇಲ್ಲಮ್ಮ.”

ಎನ್ರಿಕೆತಾ ತಿರುಗಿ ಬಂದಾಗ ಬೆಂಚು ಖಾಲಿಯಿತ್ತು. ಬಿಸಿಲು ಬೆಂಚಿನ ಮೇಲೆ, ಅವನು ಕೂತಿದ್ದ ಜಾಗದಲ್ಲಿ ಕೂತಿತ್ತು. ಅವಳು ಗಾಬರಿಯಾಗುವ ಮೊದಲು ಒಂದು ನಿಮಿಷ ಹಗುರಾದಳು. ಎಲ್ಲೋ ಹೋಗಿಬಿಟ್ಟ, ತಾನು ಎಲ್ಲಿಗೂ ಕರೆದುಕೊಂಡು ಹೋಗಬೇಕಾಗಿಲ್ಲ. ಆ ಹಗುರತನದ ಅಸಹ್ಯ ಅವಳ ಮೈಯೆಲ್ಲ ಬಿಸಿಮಾಡಿತು. “ಬಾಸಿಲಿಯೋ,” ಎಂದು ಕರೆದಳು. ನೀರಿನ ಸದ್ದು ಆ ಹೆಸರನ್ನು ನುಂಗಿತು. ಮತ್ತೆ ಕರೆದಳು, ಈ ಸಲ ಅವಳ ದನಿ ಎಷ್ಟು ಜೋರಾಗಿ ಕೇಳಿಸಿತೆಂದರೆ ಅಂಗಳದವರೆಲ್ಲ ತಿರುಗಿ ನೋಡಿದರು. ಅವಳು ಕೂಗಿದ್ದು ಹೆಚ್ಚಾಗಿರಲಿಲ್ಲ. ನೀರು ಕಡಿಮೆಯಾಗಿತ್ತು.

ಎಳೆಗಳು ಬಾಗಿದವು. ನಡುವೆ ಒಂದನ್ನೊಂದು ಮುಟ್ಟುತ್ತಿದ್ದವು ಈಗ ಮುಟ್ಟದಾದವು. ಮೊಣಕೈ ಎತ್ತರ, ಗೇಣೆತ್ತರ, ಬೆರಳೆತ್ತರ. ಕೊನೆಗೆ ಪ್ರತಿಯೊಂದು ಕೊಳವೆಯ ಬಾಯಲ್ಲೂ ಒಂದು ಗುಳ್ಳೆ ಎದ್ದು ಒಡೆಯಿತು. ಅಷ್ಟೇ. ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಅಷ್ಟು ಜನ ಒಟ್ಟಿಗೆ ನಿಂತು ಸುಮ್ಮನಾದದ್ದನ್ನು ಎನ್ರಿಕೆತಾ ಗುಡ್ ಫ್ರೈಡೆಯ ಮೆರವಣಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ದೂರದ ಮರದಲ್ಲಿ ಒಂದು ಹಕ್ಕಿ, ಅಲ್ಲಿಯವರೆಗೂ ಕೂಗುತ್ತಲೇ ಇತ್ತೇನೋ, ಈಗ ಕೇಳಿಸಿತು. ಯಾರದೋ ಹೊಟ್ಟೆ ಗುರುಗುಟ್ಟಿದ್ದೂ ಕೇಳಿಸಿತು. ಬಾಸಿಲಿಯೋ ಎಲ್ಲಿದ್ದಾನೆಂದು ಅವಳಿಗೆ ಗೊತ್ತಾಯಿತು.

ಮೇಲಕ್ಕೆ ಹೋಗುವ ಮೆಟ್ಟಿಲುಗಳ ಎರಡೂ ಬದಿಯ ಗಿಡ್ಡಗೋಡೆಯ ತಲೆಯ ಮೇಲೆ ಹೆಂಚಿನ ದೋಣಿಗಳಿವೆ. ಮೇಲಿನ ನೀರು ಅವುಗಳಲ್ಲಿ ಓಡುತ್ತ ಇಳಿಯುತ್ತದೆ, ಹತ್ತುವವರ ಕೈಗೆ ಹಿಡಿಕೆಯ ಬದಲು ನೀರು ಸಿಗುತ್ತದೆ. ಎನ್ರಿಕೆತಾ ಪಟ್ಟಿಯಿಲ್ಲದ ಕೈಯನ್ನು ಅದರೊಳಗಿಟ್ಟುಕೊಂಡೇ ಹತ್ತಿದಳು. ಮೊದಲ ಸಾಲಿನಲ್ಲಿ ನೀರು ಅವಳ ಬೆರಳು ಮುಚ್ಚುತ್ತಿತ್ತು. ತಿರುವು ದಾಟುವ ಹೊತ್ತಿಗೆ ಉಗುರು ಮಾತ್ರ ನೆನೆಯುತ್ತಿತ್ತು. ಲಾರೆಲ್ ಮರಗಳ ಕತ್ತಲೆಯೊಳಗೆ ಬಂದಾಗ ಬರೀ ತಣ್ಣನೆಯ ಪಾಚಿ. ಕೊನೆಯ ನೀರು ಅಂಗೈಯ ಕೆಳಗಿನಿಂದ ಇಳಿದುಹೋಗುವುದು ಅವಳಿಗೆ ಚೆನ್ನಾಗಿ ತಿಳಿಯಿತು, ಯಾರೋ ನಿಧಾನವಾಗಿ ಕೈ ಬಿಡಿಸಿಕೊಂಡ ಹಾಗೆ.

ಮೆಟ್ಟಿಲುಗಳ ತುದಿಯಲ್ಲಿ, ಪೊದೆಯ ಹಿಂದಿನ ಕಬ್ಬಿಣದ ಬಾಗಿಲು ತೆರೆದಿತ್ತು. ಬಾಸಿಲಿಯೋ ಬೂಟು ಕಾಲುಚೀಲ ಬಿಚ್ಚಿ ಒಪ್ಪವಾಗಿ ಜೋಡಿಸಿಟ್ಟು, ಪ್ಯಾಂಟು ಮಡಚಿ, ಬತ್ತಿದ ಕಾಲುವೆಯೊಳಗೆ ನಿಂತಿದ್ದ. ಬೊಗಸೆ ಬೊಗಸೆ ಕಪ್ಪು ಹೂಳನ್ನೆತ್ತಿ ದಡಕ್ಕೆ ಹಾಕುತ್ತಿದ್ದ. ಅವನ ಬಿಳಿ ಕಣಕಾಲುಗಳು ಬೇರೆ ಯಾರವೋ ಎಂಬಂತೆ ಎಳೆಯವಾಗಿ ಕಾಣುತ್ತಿದ್ದುವು. ಒಬ್ಬ ಕಾವಲುಗಾರ ಏದುಸಿರು ಬಿಡುತ್ತ, “ಅಜ್ಜಾ, ಹೊರಗೆ ಬನ್ನಿ, ಇದೇನು ನಿಮ್ಮನೆ ಬಚ್ಚಲಾ?” ಎಂದು ಕೂಗುತ್ತಿದ್ದ. ಬೇಲಿಯ ಆಚೆ ನಾಲ್ಕಾರು ಜನ ಮೊಬೈಲು ಎತ್ತಿ ಹಿಡಿದಿದ್ದರು. ಬಾಸಿಲಿಯೋ ತಲೆಯೆತ್ತದೆ, “ಬೂಟು ಹಾಕ್ಕೊಂಡು ಕಾಲುವೆ ಹತ್ರ ಬರ್ಬೇಡ, ಮಗಾ,” ಎಂದ. ಕಾವಲುಗಾರ ತನ್ನ ಬೂಟು ನೋಡಿಕೊಂಡ. ಎನ್ರಿಕೆತಾ, “ನನ್ನ ಗಂಡ, ಕ್ಷಮಿಸಿ, ಅವನಿಗೆ ಹುಷಾರಿಲ್ಲ, ಕ್ಷಮಿಸಿ,” ಎಂದಳು. ಕ್ಷಮಿಸಿ ಎನ್ನುತ್ತಲೇ ಇದ್ದಳು. ಮೊಬೈಲುಗಳು ಅವಳ ಕಡೆ ತಿರುಗಿದುವು.

ಹಸಿರು ಮೇಲಂಗಿಯ ಹೆಂಗಸೊಬ್ಬಳು ಅಷ್ಟರಲ್ಲಿ ಬಂದಳು, ನಲವತ್ತರ ಆಸುಪಾಸಿನವಳು, ಸೊಂಟದಲ್ಲಿ ಕತ್ತರಿ. ಕಾಲುವೆಯೊಳಗೆ ಇಣುಕಿ ನೋಡಿ ಅವಳು ಸುಮ್ಮನೆ ನಿಂತುಬಿಟ್ಟಳು. ಎನ್ರಿಕೆತಾಳಿಗೆ ಅವಳ ಅಗಲ ಹಣೆಯಿಂದ ಗುರುತು ಸಿಕ್ಕಿತು. ಬಾಸಿಲಿಯೋನ ಕೈಕೆಳಗೆ ದುಡಿದು ಸತ್ತ ಕ್ರಿಸಾಂತೋನ ಮಗಳು ಕಾಸಿಲ್ದಾ. ಈಗ ಈ ತೋಟ ನೋಡಿಕೊಳ್ಳುವವಳು ಅವಳೇ ಎಂದು ಯಾರೋ ಹೇಳಿದ್ದರು. ಕಾಸಿಲ್ದಾ ಕಾವಲುಗಾರನ ಕಿವಿಯಲ್ಲಿ ಏನೋ ಹೇಳಿದಳು. ಮೊಬೈಲು ಹಿಡಿದವರ ಕಡೆ ತಿರುಗಿ, “ಹೂಳೆತ್ತುವ ಕೆಲಸ ನಡೀತಿದೆ, ದಾರಿ ಬಿಡಿ,” ಎಂದಳು. ಆಮೇಲೆ ಬೂಟು ಬಿಚ್ಚಿದಳು. ಕಾಲುವೆಗೆ ಇಳಿದಳು.

“ಈ ಸಲ ಹೂಳು ಜಾಸ್ತಿ ಕೂತಿದೆ ಅಲ್ವಾ, ಮೇಸ್ತ್ರೀ?”

“ಹೋದ ವರ್ಷ ತೆಗ್ದಿದ್ದು ಯಾರು?”

“ನಾನೇ.”

“ಕೈಯಲ್ಲಿ ತೆಗ್ದಿದ್ಯೋ, ಕಣ್ಣಲ್ಲಿ ತೆಗ್ದಿದ್ಯೋ?”

“ನಮ್ಮಪ್ಪಂಗೂ ಹೀಗೇ ಬಯ್ತಿದ್ರಂತೆ ನೀವು.”

“ನಿಮ್ಮಪ್ಪ ಯಾರು?”

“ಕ್ರಿಸಾಂತೋ.”

“ಸೋಮಾರಿ,” ಎಂದ ಬಾಸಿಲಿಯೋ ಪ್ರೀತಿಯಿಂದ. “ಎಲ್ಲಿ ಅವನು? ಇನ್ನೂ ಬಂದಿಲ್ವಾ?”

ಕಾಸಿಲ್ದಾ ಒಂದು ಬೊಗಸೆ ಹೂಳು ದಡಕ್ಕೆ ಹಾಕಿದಳು. “ಬರ್ತಾನೆ, ಸ್ವಲ್ಪ ಹೊತ್ತಾಗುತ್ತೆ,” ಎಂದಳು. ಅವಳು ಸುಳ್ಳು ಹೇಳಿದ ಬಗೆಯಲ್ಲಿ ಒಂದು ಮರ್ಯಾದೆಯಿತ್ತು. ಅದರಿಂದ ಅವಳಿಗೆ ಯಾವ ಲಾಭವೂ ಇರಲಿಲ್ಲ. ಎನ್ರಿಕೆತಾ ಅದನ್ನು ಗಮನಿಸಿದಳು. ಇಬ್ಬರೂ ಒಂದಷ್ಟು ಮಾರು ದೂರ ಹೂಳು ತೆಗೆದರು. ಕಾಸಿಲ್ದಾ ಮೇಲೆ ಬಂದು, ಮೆಲ್ಲಗೆ, “ಅವಸರ ಏನಿಲ್ಲ ಟೀಚರ್. ಒಂದರ್ಧ ಗಂಟೆ ನೀರಿಲ್ದಿದ್ರೆ ಯಾವ ಗಿಡಾನೂ ಸಾಯಲ್ಲ. ನಾನು ಕೆಳಗಿನೋರಿಗೆ ಹೇಳ್ತೀನಿ,” ಎಂದು ಕಾವಲುಗಾರನನ್ನೂ ಕರೆದುಕೊಂಡು ಹೋದಳು. ಬೇಲಿಯಾಚೆಯ ಜನರೂ, ನೋಡುವುದಕ್ಕೆ ಏನೂ ಉಳಿಯದೆ, ಚದುರಿದರು.

ಆಗ ನಿಜವಾಗಿ ನಿಶ್ಶಬ್ದವಾಯಿತು. ಇಡೀ ಗುಡ್ಡದ ನೀರು ನಿಂತು ಗುಡ್ಡ ಉಸಿರು ಹಿಡಿದಂತಿತ್ತು. ಕೆಳಗೆ ಕೆಂಪು ಗೋಪುರಗಳು, ಅದರ ಕೆಳಗೆ ಊರು, ಅದರಾಚೆ ಮಂಜಿನಲ್ಲಿ ಬಯಲು. ಆ ಬಯಲಿನಲ್ಲಿ ಎಲ್ಲೋ ಒಂದು ಕೋಣೆಯಲ್ಲಿ, ಇವನಿಗಾಗಿ ಹೊಸ ಚಾದರ ಹಾಸಿದ ಮಂಚ. ಏನೂ ಇಲ್ಲದ್ದು ಕೇಳಿಸುತ್ತಿತ್ತು. ಅದರಲ್ಲಿ ಯಾವ ಸುಳ್ಳನ್ನೂ ಹೇಳುವುದಕ್ಕೆ ಆಗುವುದಿಲ್ಲ, ಅಡಗಿಸಿಡಲು ಒಂದು ಸದ್ದಿನ ಮರೆಯೂ ಇಲ್ಲ ಎಂದು ಅವಳಿಗೆ ಅನಿಸಿತು. ಅವಳು ಕಾಲುವೆಯ ಅಂಚಿನಲ್ಲಿ ಕೂತು, ಬೂಟು ಸಮೇತ ಕಾಲನ್ನು ಕೆಸರಿಗೆ ಇಳಿಬಿಟ್ಟಳು.

“ಬಾಸಿಲಿಯೋ, ಸ್ವಲ್ಪ ನಿಲ್ಲು. ಒಂದು ಮಾತು ಹೇಳ್ಬೇಕು.”

“ಹೇಳು, ಕೆತಾ.”

ಕೆತಾ ಎಂದ. ಎಷ್ಟೋ ತಿಂಗಳಿಂದ ಅವನ ಬಾಯಿಂದ ಆ ಹೆಸರು ಬಂದಿರಲಿಲ್ಲ. ಇವತ್ತೇ ಬರಬೇಕೆ. ಹೇಳದೆ ಇರುವುದಕ್ಕೆ ಇಷ್ಟು ಒಳ್ಳೆಯ ನೆಪ ಇನ್ನೊಂದಿರಲಿಲ್ಲ. “ಇವತ್ತು ಸಾಯಂಕಾಲ ನಿನ್ನನ್ನ ಒಂದು ಕಡೆ ಕರ್ಕೊಂಡು ಹೋಗ್ತೀವಿ,” ಎಂದಳು. “ಕಣ್ಣು ತೋರ್ಸೋಕಲ್ಲ. ನೀನು ಇನ್ಮೇಲೆ ಅಲ್ಲೇ ಇರ್ಬೇಕು. ಮನೇಲಿ ನೋಡ್ಕೊಳ್ಳೋಕೆ ನನ್ನ ಕೈಲಿ ಆಗ್ತಿಲ್ಲ. ಆಗ್ತಿಲ್ಲ ಅಂತ ಹೇಳೋಕೂ ಆಗ್ತಿರ್ಲಿಲ್ಲ.”

ಅವನು ಕೈಯಲ್ಲಿದ್ದ ಹೂಳನ್ನು ಬಿಡದೆ ಹಿಡಿದುಕೊಂಡೇ ನಿಂತ. ಬೆರಳ ಸಂದಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

“ಎಲ್ಲಿ ಅದು?”

“ಬಯಲಲ್ಲಿ. ಪಾಪ್ಲಾರ್ ತೋಪು ದಾಟಿದ ಮೇಲೆ.”

“ಅಲ್ಲಿ ನೀರಿದೆಯಾ?”

“ನಲ್ಲಿ ಇದೆ.”

“ನಲ್ಲಿ ಎಲ್ಲಾ ಕಡೆ ಇರುತ್ತೆ.” ಆಮೇಲೆ ಕೇಳಿದ, “ನೀನೂ ಇರ್ತೀಯಾ?”

“ಇಲ್ಲ. ದಿನಾ ಬರ್ತೀನಿ. ರಾತ್ರಿಗೆ ಮನೆಗೆ ಹೋಗ್ತೀನಿ.”

“ಒಬ್ಳೇ?”

“ಒಬ್ಳೇ.”

ಅವನು ಹೂಳನ್ನು ದಡಕ್ಕೆ ಹಾಕಿದ. ಸಿಟ್ಟು ಬರಬಹುದು, ಅಳಬಹುದು, ಕಳ್ಳಿ ಎಂದು ಕೂಗಬಹುದು ಎಂದು ಅವಳು ಪಟ್ಟಿಯ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಅವನು ಕಾಲುವೆಯ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದ, ಅಂಗಡಿ ಮುಚ್ಚುವವನು ಗೂಡುಗಳನ್ನು ನೋಡುವ ಹಾಗೆ. “ಹಾಗಾದ್ರೆ ತೂಬು ತೆಗ್ದಿಟ್ಟು ಹೋಗ್ಬೇಕು,” ಎಂದ. “ಮುಚ್ಚಿಟ್ಟು ಹೋಗೋ ಹಾಗಿಲ್ಲ.”

ತೂಬಿನ ತಗಡು ಭಾರವಾಗಿತ್ತು. ಮುಚ್ಚುವಾಗ ಅದು ತನ್ನ ಭಾರಕ್ಕೆ ತಾನೇ ಇಳಿದಿರಬೇಕು, ಈಗ ಎತ್ತಲು ಅವನ ತೋಳಿಗೆ ಶಕ್ತಿ ಸಾಲಲಿಲ್ಲ. “ಆ ಕಡೆ ಹಿಡ್ಕೋ,” ಎಂದ. ಅವಳು ಎಡಗೈಯಲ್ಲಿ ಹಿಡಿದಳು. ಒಂದು ಸಲ ಜಾರಿತು. ಇನ್ನೊಂದು ಸಲ ಅವನು ಅವಳ ಮುಖ ನೋಡಿ, ತಲೆಯಾಡಿಸಿ, ಇಬ್ಬರೂ ಒಟ್ಟಿಗೆ ಎತ್ತಿದರು. ಅಡಿಯಿಂದ ಮೊದಲು ಒಂದು ನಾಲಿಗೆಯಷ್ಟು ನೀರು ಬಂತು, ಒಣಗಿದ ಎಲೆಗಳನ್ನು ತಳ್ಳಿಕೊಂಡು, ದಾರಿ ಕೇಳುತ್ತ ಬರುವವರ ಹಾಗೆ. ಆಮೇಲೆ ಗಳಗಳನೆ ಬಂತು. ಅವಳ ಬೂಟಿನೊಳಗೆ ತುಂಬಿತು. ಮೆಟ್ಟಿಲ ದೋಣಿಗಳಲ್ಲಿ ಇಳಿದು, ತಿರುವು ದಾಟಿ, ಲಾರೆಲ್ ಮರಗಳ ಕೆಳಗೆ ಅದರ ಸದ್ದು ದೂರ ದೂರ ಹೋಯಿತು. ಬಹಳ ಹೊತ್ತಿನ ಮೇಲೆ ಕೆಳಗಿನ ಅಂಗಳದಿಂದ ಚಪ್ಪಾಳೆ ಕೇಳಿಸಿತು. ಬಾಸಿಲಿಯೋ ಮುಖ ಸಿಂಡರಿಸಿದ. “ನೀರು ಬಂದ್ರೆ ಚಪ್ಪಾಳೆ ಹೊಡೀತಾರೆ,” ಎಂದ, “ಇದೇನು ನಾಟ್ಕವಾ?”

ಅವನು ಕೈಕಾಲು ತೊಳೆದುಕೊಳ್ಳುತ್ತಿದ್ದಾಗ ಅವಳು ಮಗಳಿಗೆ ಫೋನು ಮಾಡಿದಳು. ಈ ಸಲ ಎದ್ದು ದೂರ ಹೋಗಲಿಲ್ಲ.

“ಅವನಿಗೆ ಹೇಳಿದೆ, ನೀವೆಸ್.”

“ಅಯ್ಯೋ ಅಮ್ಮ. ಏನಂದ?”

“ಅಲ್ಲಿ ನೀರಿದೆಯಾ ಅಂತ ಕೇಳ್ದ.”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು. “ಮರ್ತುಬಿಡ್ತಾನಲ್ಲಮ್ಮ. ಹತ್ತು ನಿಮಿಷಕ್ಕೆ ಮರ್ತುಬಿಡ್ತಾನೆ.”

“ಮತ್ತೆ ಹೇಳ್ತೀನಿ. ಕಾರಲ್ಲಿ ಹೇಳ್ತೀನಿ, ಆ ಬಾಗಿಲಲ್ಲಿ ಹೇಳ್ತೀನಿ. ನಾಳೆ ಹೋದಾಗಲೂ ಹೇಳ್ತೀನಿ. ನೀನೂ ಕಣ್ಣು ಗಿಣ್ಣು ಅನ್ಬೇಡ.”

“ಪ್ರತಿ ಸಲಾನೂ ಅವನಿಗೆ ಹೊಸದಾಗಿ ನೋವಾಗುತ್ತೆ.”

“ಗೊತ್ತು,” ಎಂದಳು ಎನ್ರಿಕೆತಾ. “ನಂಗೂ ಆಗುತ್ತೆ.”

ಕಾಸಿಲ್ದಾ ಹತ್ತಿ ಬಂದಿದ್ದಳು. ಹರಿಯುವ ನೀರನ್ನು ನೋಡಿದಳು, ಒದ್ದೆ ಬೂಟಿನ ಎನ್ರಿಕೆತಾಳನ್ನು ನೋಡಿದಳು. ಬಿಸಿಲು ಬೀಳುವ ಬೆಂಚಿಗೆ ಇಬ್ಬರನ್ನೂ ಕರೆದೊಯ್ದು ಕೂರಿಸಿ, ತನ್ನ ಮಧ್ಯಾಹ್ನದ ಡಬ್ಬಿ ತಂದು ಬಾಸಿಲಿಯೋನ ತೊಡೆಯ ಮೇಲಿಟ್ಟಳು. ಕಾಗದದಲ್ಲಿ ಸುತ್ತಿದ ರೊಟ್ಟಿ, ಒಂದು ಫೋರ್ಕು. “ನಂದು ಆಯ್ತು ಮೇಸ್ತ್ರೀ,” ಎಂದಳು. ಆಗಿರಲಿಲ್ಲ, ಡಬ್ಬಿ ತುಂಬಿತ್ತು. ಎನ್ರಿಕೆತಾ ಏನಾದರೂ ಹೇಳುವ ಮೊದಲೇ ಕತ್ತರಿ ಎತ್ತಿಕೊಂಡು ಅರ್ರಯಾನ್ ಪೊದೆಗಳ ಹಿಂದೆ ಹೋಗಿಬಿಟ್ಟಳು. ಕತ್ತರಿಸುವ ಸದ್ದು ಮಾತ್ರ ಬರುತ್ತಿತ್ತು.

ಬಾಸಿಲಿಯೋ ಬೆಂಚಿನ ತುದಿಗೆ ಸರಿದು ಕೂತ, ಪರಸ್ಥಳದಲ್ಲಿ ಗುರುತಿಲ್ಲದವರ ಪಕ್ಕ ಕೂರುವಂತೆ. ಅವಳ ಬೂಟಿನಿಂದ ನೀರು ಇಳಿದು ಕಲ್ಲಿನ ಮೇಲೆ ಸಣ್ಣ ಹೊಂಡ ಕಟ್ಟಿತ್ತು. ಅವನು ಅದನ್ನೇ ನೋಡುತ್ತಿದ್ದ.

“ಕಾಲು ನೆನೆದುಹೋಗಿದೆಯಲ್ಲ ತಾಯಿ,” ಎಂದ. “ಬಿಸಿಲಿಗೆ ಚಾಚಿಕೊಳ್ಳಿ. ಶೀತ ಆಗುತ್ತೆ.”

ಅವಳು ಅವನ ಮುಖ ನೋಡಿದಳು. ಕೆತಾ ಹೋಗಿದ್ದಳು. ಎಲ್ಲಿಯವರೆಗೆ ಹೋಗಿದ್ದಳೆಂದು ಹುಡುಕುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕಾಲು ಬಿಸಿಲಿಗೆ ಚಾಚಿದಳು.

“ದೂರದಿಂದ ಬಂದಿರೇನು?”

“ಇಲ್ಲೇ ಕೆಳಗಿನಿಂದ.”

“ಯಾರನ್ನಾದ್ರೂ ಕಾಯ್ತಿದ್ದೀರಾ?”

“ಮಗಳನ್ನ,” ಎಂದಳು. ಆಮೇಲೆ ಹೇಳಿದಳು, “ಸಾಯಂಕಾಲ ನನ್ನ ಗಂಡನ್ನ ಒಂದು ಆಶ್ರಮಕ್ಕೆ ಬಿಟ್ಟು ಬರ್ಬೇಕು. ಅಲ್ಲೇ ಇರೋಕೆ. ಅವನಿಗೆ ಮರೆವು. ನನಗೆ ಕೈಲಾಗ್ತಿಲ್ಲ.”

ಬಾಸಿಲಿಯೋ ತಲೆಯಾಡಿಸಿದ. ಬೇರೆಯವರ ಕಷ್ಟದ ಮುಂದೆ ತಲೆಬಾಗಿಸುವ ಅವನ ಹಳೆಯ ರೀತಿಯೇ ಅದು.

“ಅವ್ರಿಗೆ ಹೇಳಿದೀರಾ?”

“ಹೇಳಿದೀನಿ.”

“ದೂರವಾ ಅದು?”

“ಅಷ್ಟೇನಿಲ್ಲ. ಬಯಲಲ್ಲಿ.”

“ಹಾಗಾದ್ರೆ ಏನಾದ್ರೂ ತಿಂದೇ ಹೋಗಿ,” ಎಂದ.

ಡಬ್ಬಿಯ ಮುಚ್ಚಳ ತೆಗೆದ. ಕಿತ್ತಳೆಯ ಹೋಳು, ಎಳೆ ಎಳೆಯಾಗಿ ಬಿಡಿಸಿದ ಉಪ್ಪುಮೀನು, ಈರುಳ್ಳಿ, ಕಪ್ಪು ಆಲಿವ್ ಕಾಯಿ, ಮೇಲೆ ಎಣ್ಣೆ ಮಿನುಗುತ್ತಿತ್ತು. ರೊಟ್ಟಿಯನ್ನು ಮುರಿದ. ದೊಡ್ಡ ತುಂಡು ಯಾವುದೆಂದು ಎರಡನ್ನೂ ಹಿಡಿದು ನೋಡಿದ. ಫೋರ್ಕನ್ನು ತನ್ನ ಅಂಗಿಯ ಒಣಗಿದ ಕಡೆಯಲ್ಲಿ ಒರೆಸಿ, ಡಬ್ಬಿಯೊಳಗಿಟ್ಟು, ದೊಡ್ಡ ತುಂಡನ್ನು ಅದರ ಮೇಲಿಟ್ಟು, ಎಲ್ಲವನ್ನೂ ಎರಡು ಕೈಯಲ್ಲಿ ಎತ್ತಿ, ಚೆಲ್ಲದ ಹಾಗೆ, ಮೆಲ್ಲಗೆ ಅವಳ ಮಡಿಲಿಗೆ ಕೊಟ್ಟ.